ಚುಚ್ಚಿ ನೋಡದೆ ಅಳಿಸಿದ ಅವ್ವನ ದನಿ

ನಮ್ಮ ಅವ್ವ ಈಗ ಮಾತಾಡುವುದಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಕೈಕಾಲು ನಿಧಾನಕ್ಕೆ ಹತೋಟಿಗೆ ಬಂದವು, ಮಾತು ಬರಲಿಲ್ಲ. ನಗುತ್ತಾಳೆ, ಸಿಟ್ಟಾಗುತ್ತಾಳೆ, ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಕಪ್ಪನ್ನು ನನ್ನ ಕಡೆ ತಳ್ಳುತ್ತಾಳೆ. ಆಕೆಯ ದನಿ ಉಳಿದದ್ದು ಒಂದೇ ಕಡೆ, ನಾನೂ ತಂಗಿಯೂ ಸೇರಿ ಬಳಸುತ್ತಿದ್ದ ಇ-ಮೇಲ್‌ನಲ್ಲಿ.

ತಂಗಿ ನರ್ಸಿಂಗ್ ಓದಲು ಹುಬ್ಬಳ್ಳಿಗೆ ಹೋದಾಗ ಹಾಸ್ಟೆಲಿನಲ್ಲಿ ಫೋನು ಇಟ್ಟುಕೊಳ್ಳುವಂತಿರಲಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಇತ್ತು. ಹೊರಡುವ ಮೊದಲು ಇಬ್ಬರಿಗೂ ಸೇರಿ ಒಂದು ಮೇಲ್ ತೆರೆದು, ಏಳನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಹೋದಳು. ಭಾನುವಾರ ಅವ್ವ ಒಲೆಯ ಮುಂದೆ ಕೂತು ನನ್ನ ಮೊಬೈಲಿಗೆ ಮಾತಾಡುತ್ತಿದ್ದಳು. ಎಮ್ಮೆಯ ಮುನಿಸು, ಓಣಿಯ ಜಗಳ, ತಲೆಗೆ ಎಣ್ಣೆ ಹಚ್ಚಿಕೊಳ್ಳೆಂಬ ತಾಕೀತು. ಮರುದಿನ ನಾನು ದುಡಿಯುವ ಗಂಗಾವತಿಯ ಅಕ್ಕಿ ಗಿರಣಿಯ ಕಂಪ್ಯೂಟರಿನಿಂದ ಅದನ್ನು ಆ ಮೇಲ್‌ಗೆ ಕಳಿಸಿ, ಜಾಗ ಸಾಲದ ಮೊಬೈಲಿನಿಂದ ತೆಗೆದುಬಿಡುತ್ತಿದ್ದೆ. ಆಮೇಲೆ ವ್ಯಾಪಾರಿಗಳಿಗೆ ಗಿರಣಿಯ ಅಕ್ಕಿಯ ಫೋಟೋಗಳನ್ನೂ ಅದರಿಂದಲೇ ಕಳಿಸತೊಡಗಿದೆ. ವರ್ಷಗಟ್ಟಲೆ ತುಂಬಿದೆ.

ತಂಗಿ ಈಗ ಕುಷ್ಟಗಿಯ ಸೊಸೆ. ಮೊನ್ನೆ ಮಳೆಗಾಲದ ಶುರುವಿಗೆ ಫೋನ್ ಮಾಡಿದಳು.

"ಅಣ್ಣಾ, ನಮ್ಮ ಮೇಲ್ ತುಂಬಿ ನಿಂತೈತಿ. ಹೊಸಾವು ಒಳಗ ಬರವಲ್ವು. ಎಲ್ಲಾ ನಿನ್ನ ಅಕ್ಕಿನ."

"ಅಳಿಸಿ ಬಿಡ್ಲೇನು?"

"ಅಯ್ಯ ಪುಣ್ಯಾತ್ಮಾ! ಅವ್ವನ ದನಿ ಅದರಾಗ ಐತಿ. ಮೊದಲ ಕಂಪ್ಯೂಟರಿನ್ಯಾಗ ಇಳಿಸ್ಕೊ. ಪೂರಾ ಇಳದಾವೋ ಇಲ್ಲೋ ತಗದು ನೋಡು. ಆಮ್ಯಾಲ ಅಳಿಸು."

ಹೇಳಿದಂತೆ ಇಳಿಸಿದೆ. ಪರದೆಯ ತುಂಬ ಸಾಲುಸಾಲಾಗಿ ಬಂದು ಕೂತವು. ಮೇಲಿನ ನಾಲ್ಕೈದು ತೆಗೆದೆ. ಒಂದರಲ್ಲಿ ಅವ್ವ ಮಾತಾಡಿದಳು, ಉಳಿದವು ಅಕ್ಕಿಯ ಫೋಟೋ. ಖುಷಿಯಾಯಿತು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಮೇಲ್‌ನಲ್ಲಿದ್ದುದನ್ನೆಲ್ಲ ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಹಾಗೆ ಮಾಡದೆ ಜಾಗ ಖಾಲಿಯಾಗುವುದಿಲ್ಲ.

ವಾರ ಕಳೆದು, ಅವ್ವನಿಗೆ ಆಕೆಯ ಹಳೆಯ ಮಾತು ಕೇಳಿಸೋಣವೆಂದು ಕೆಳಗಿನದೊಂದನ್ನು ತೆಗೆದೆ. ಒಳಗೆ ಏನೂ ಇರಲಿಲ್ಲ. ಅದರ ಕೆಳಗಿನದರಲ್ಲೂ ಇರಲಿಲ್ಲ. ಕಂಪ್ಯೂಟರ್ ರಿಪೇರಿಯವನು ಬಂದು ನೋಡಿ, "ಬರೇ ತಲೆಬರಹ ಇಳದಾವರಿ. ನೀವು ತಗದು ನೋಡಿದಾವಷ್ಟ ಪೂರಾ ಬಂದಾವ" ಅಂದ.

ಗಿರಣಿಯಲ್ಲಿ ನನ್ನ ಕೆಲಸವೇ ಮಾಲು ನೋಡುವುದು. ಚೀಲದ ಬಾಯಿಗೆ ಒಣ ಭತ್ತ, ಹೊಟ್ಟೆಯಲ್ಲಿ ಹಸಿ ಭತ್ತ ಇರಬಹುದೆಂದು ಪ್ರತಿ ಚೀಲದ ನಡುವಿಗೂ ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆಯುತ್ತೇನೆ. ಊರಿನ ಯಾರ ಚೀಲವನ್ನೂ ನಂಬದ ನಾನು ಅವ್ವನ ಚೀಲದ ಬಾಯಿಯನ್ನಷ್ಟೇ ನೋಡಿದ್ದೆ.

"ಆತೇನಣ್ಣಾ?" ಎಂದು ತಂಗಿ ಕೇಳಿದಾಗ, "ಹ್ಞೂಂ, ಎಲ್ಲಾ ಇಳದಾವ" ಅಂದೆ. ಅಳಿಸಿದ್ದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು.

ಪಂಚಮಿ ಬಂತು. ಪಂಚಮಿಗೆ ತಂಗಿಯನ್ನು ಕರೆತರಲು ಅಣ್ಣನೇ ಹೋಗಬೇಕು, ಯಾವ ವರ್ಷವೂ ನಾನು ತಪ್ಪಿಸಿದವನಲ್ಲ. ಈ ಸಲ ಕೆಲಸದ ನೆವ ಹೇಳಿ, ನೀನೇ ಬಸ್ಸು ಹತ್ತಿ ಬಾ ಎನ್ನಲು ಫೋನು ಎತ್ತಿದೆ. ಅವ್ವ ನನ್ನನ್ನೇ ನೋಡಿದಳು. ನನ್ನ ಚಪ್ಪಲಿಯನ್ನು ಕಾಲಿನಿಂದ ಬಾಗಿಲ ಕಡೆ ಸರಿಸಿದಳು. ಹೋದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ಚೀಲದಿಂದ ಒಂದು ಸಣ್ಣ ಸ್ಪೀಕರ್ ತೆಗೆದು ತೋರಿಸಿದಳು. "ಅವ್ವಗ ಅಕಿ ಮಾತ ಕೇಳಸೂಣು. ಡಾಕ್ಟರೂ ಛಲೋ ಅಂದಾರ."

ಆಗ ಹೇಳಿದೆ. ಸುಳ್ಳು ಹೇಳಿದ್ದನ್ನೂ ಸೇರಿಸಿ ಹೇಳಿದೆ. ಆಕೆ ಸ್ಪೀಕರನ್ನು ಒಳಗಿಟ್ಟು ಕಿಟಕಿಯ ಕಡೆ ತಿರುಗಿದಳು. ತಾವರಗೇರಾ ದಾಟಿದರೂ ತಿರುಗಲಿಲ್ಲ. ಕನಕಗಿರಿ ಬಂದಾಗ ಕೇಳಿದಳು.

"ಎಷ್ಟ ಉಳದಾವ?"

"ಒಂದ."

"ಏನಂದಾಳ ಅದರಾಗ?"

"ನನಗ ಬೈದಾಳ."

ಮನೆಯಲ್ಲಿ ಪಂಚಮಿಯ ಉಂಡಿ ತಿನ್ನುವ ಮೊದಲೇ ತಂಗಿ, ನಾನು ಮೊಬೈಲಿಗೆ ಹಾಕಿಕೊಂಡಿದ್ದ ಆ ಒಂದನ್ನು ಸ್ಪೀಕರಿನಲ್ಲಿ ಹಚ್ಚಿದಳು. ಅವ್ವನ ದನಿ ಅಡುಗೆಮನೆ ತುಂಬಿತು. "ಯವ್ವಾ, ಈ ಮಂಗ್ಯಾಗ ಫೋನ್ ಹಿಡಿಯಾಕ ಬರಂಗಿಲ್ಲ ನೋಡು. ಹತ್ತರ ಹಿಡಿ ಅಂದ್ರ ಬಾಯಾಗ ತುರುಕ್ತಾನ. ನೀ ಬಂದಾಗ ಇವಗ ಒಂದೀಟು ಕಲಿಸಿ ಹೋಗು."

ಅವ್ವ ಮೊದಲು ಯಾರು ಬಂದರೆಂದು ಬಾಗಿಲ ಕಡೆ ನೋಡಿದಳು. ತನ್ನದೇ ದನಿಯೆಂದು ತಿಳಿದಾಗ ಹೊಟ್ಟೆ ಹಿಡಿದು ನಕ್ಕಳು, ಕೈ ಚಾಚಿ ನನ್ನ ತಲೆಗೆ ಒಂದು ಕೊಟ್ಟಳು.

"ನೋಡವಾ, ಎಲ್ಲಾ ಅಳಿಸಿ ತನಗ ಬೈದದ್ದಷ್ಟ ಉಳಿಸ್ಯಾನ ನಿನ್ನ ಮಗ," ಎಂದಳು ತಂಗಿ. ಇನ್ನೂ ಪೂರ್ತಿ ನಗುತ್ತಿರಲಿಲ್ಲ. ಆದರೆ ಅವ್ವನ ಆ ನಗುವನ್ನು ತನ್ನ ಫೋನಿನಲ್ಲಿ ಹಿಡಿದಿದ್ದಳು. ಅದನ್ನು ನನ್ನ ಕೈಗೆ ಕೊಟ್ಟಳು.

"ತಗೊ. ಈಗ ತಗದು ನೋಡು."

ಮೊದಲಿನಿಂದ ಕೊನೆಯವರೆಗೂ ಕೇಳಿದೆ.