ಶಿವಗಂಗಾಳಿಗೆ ಕೆಲಸ ಕೊಟ್ಟ ಏಳು ಮಂದಿ

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. ತಪ್ಪು ನನ್ನದೇ. ನಿನ್ನನ್ನು ನಿರುದ್ಯೋಗಿಗಳ ಪಟ್ಟಿಗೆ ಸೇರಿಸಲೇ ಎಂದು ಕೇಳಿಬಿಟ್ಟಿದ್ದೆ.

ಯಾಕೆ ಕೇಳಿದೆ, ಹೇಳುತ್ತೇನೆ. ನಾನು ಅರ್ಥಶಾಸ್ತ್ರ ಕಲಿಸುವ ಸರ್ಕಾರಿ ವಿಶ್ವವಿದ್ಯಾಲಯಕ್ಕೆ (ಹೆಸರು ಬೇಡ, ಇನ್ನೂ ಸರ್ವಿಸ್ ಇದೆ) ಈಗ ಅನುದಾನ ಬರುವುದು ಅಂಕ ನೋಡಿ. ಇಷ್ಟು ದಿನ ನಾವು ಅಂಕ ಕೊಡುತ್ತಿದ್ದೆವು, ಈಗ ನಮಗೇ ಕೊಡುತ್ತಾರೆ! ಪಾಸಾದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು? ಅದಕ್ಕೂ ಅಂಕ. ಅಂಕ ಇಳಿದ ವಿಭಾಗಕ್ಕೆ ಅನುದಾನ ಇಳಿಯುತ್ತದೆ. ಅನುದಾನ ಇಳಿದರೆ ಮೊದಲು ಮನೆಗೆ ಹೋಗುವವರು ಅತಿಥಿ ಉಪನ್ಯಾಸಕರು.

ನಮ್ಮ ವಿಭಾಗದ ಅತಿಥಿ ಶರಣಪ್ಪ. ಯಲಬುರ್ಗಾದಿಂದ ದಿನಾ ಬಸ್ಸಿನಲ್ಲಿ ಬಂದು ಹನ್ನೊಂದು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಾರೆ. (ಹನ್ನೊಂದು ವರ್ಷ ಉಳಿದ ಅತಿಥಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?)

ನಮಗೆ ಒಂದೇ ಒಂದು ಅಂಕ ಕಡಿಮೆ ಬಿದ್ದಿತ್ತು. ಇನ್ನೊಬ್ಬರಿಗೆ ಕೆಲಸ ಸಿಕ್ಕಿದೆ ಎಂದು ತೋರಿಸಿದರೆ ಶರಣಪ್ಪ ಉಳಿಯುತ್ತಾರೆ. ನಾನು, ಶರಣಪ್ಪ ಇಬ್ಬರೂ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಹಚ್ಚುತ್ತಾ ಕುಳಿತೆವು.

ಗಂಗಾವತಿಯ ರೈಸ್ ಮಿಲ್ಲಿನಲ್ಲಿರುವ ಒಬ್ಬ ಸಿಕ್ಕ. "ಕೆಲಸ ಐತ್ರಿ ಮೇಡಂ, ಲೆಟರ್ ಇಲ್ರಿ. ಮಾಲಕರು ನಾಳಿಂದ ಬಾ ಅಂದ್ರು, ಬಂದೆ."

ಲೆಟರ್ ಇಲ್ಲದ ಕೆಲಸ ಕೆಲಸವಲ್ಲ. ನಿಯಮ.

ಆಮೇಲೆ ಹನುಮಸಾಗರದ ಶಿವಗಂಗಾ. ಮೆಣಸಿನಕಾಯಿ, ಟೊಮೆಟೊ ಸಸಿ ಬೆಳೆಸಿ ಮಾರುವ ನರ್ಸರಿ ನಡೆಸುತ್ತಾಳೆ.

"ನೇಮಕಾತಿ ಪತ್ರ ಐತೇನವ್ವಾ?" ಎಂದೆ.

"ಏಳು ಮಂದಿಗೆ ನಾ ಕೆಲಸ ಕೊಟ್ಟೀನ್ರಿ ಮೇಡಂ. ನನಗ ಯಾರ್ ಕೊಡ್ಬೇಕ್ರಿ?"

"ಹಂಗಾದ್ರ ನಿರುದ್ಯೋಗಿ ಅಂತ ಬರ್ಕೊಳ್ಳೇನು?"

ಮುಂದೆ ಅವಳು ಅಂದದ್ದನ್ನು ಅಚ್ಚು ಹಾಕುವಂತಿಲ್ಲ. ಕೊನೆಯ ಮಾತು ಮಾತ್ರ ಹಾಕಬಹುದು: "ಬಂದು ನೋಡ್ರಿ!"

ಭಾನುವಾರ ನಾನು, ಶರಣಪ್ಪ ಹೋದೆವು. ಹಸಿರು ಪರದೆಯ ನೆರಳಲ್ಲಿ ಏಳು ಹೆಂಗಸರು ಟ್ರೇಗಳಿಗೆ ಮಣ್ಣು ತುಂಬುತ್ತಿದ್ದರು. ಶಿವಗಂಗಾ ಮೊಳಕೆ ಎಣಿಸುತ್ತಿದ್ದಳು.

"ಸರ್ ಕಲಿಸಿದ್ದ ಸ್ಯಾಂಪ್ಲಿಂಗ್ ರೀ ಇದು. ಮೊದ್ಲ ನೂರು ಬೀಜ ಹಾಕಿ ನೋಡ್ತೀನಿ. ಛಲೋ ಹುಟ್ಟಿದ್ರಷ್ಟ ಇಡೀ ಚೀಲ ಬಿಚ್ಚೋದು. ಈಗ ಬೀಜದವ್ರು ನನಗ ಟೋಪಿ ಹಾಕಾಕ ಆಗಂಗಿಲ್ಲ."

ಶರಣಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಧೂಳಂತೆ. (ಅಲ್ಲಿ ಆಗಷ್ಟೇ ನೀರು ಚಿಮುಕಿಸಿದ್ದರು.)

ಸರಿ, ಪತ್ರ? ಏಳು ಮಂದಿಯಲ್ಲಿ ಹಿರಿಯಳಾದ ಕಸ್ತೂರೆವ್ವ ಕೈಯ ಮಣ್ಣು ಕೊಡವಿ ಎದ್ದಳು. "ನಾವ ಕೊಡ್ತೀವಿ ತಗೋರಿ. ಇಕಿ ಇಲ್ದಿದ್ರ ನಮಗ ಕೆಲಸ ಇಲ್ಲ, ನಾವ್ ಇಲ್ದಿದ್ರ ಇಕಿಗಿಲ್ಲ."

ಶರಣಪ್ಪ ಬರೆದರು. ಷರತ್ತುಗಳನ್ನು ಹೆಂಗಸರೇ ಹೇಳಿದರು. ಬಿಸಿಲು ಏರಿದ ಮೇಲೆ ಸಿಟ್ಟು ಮಾಡಬಾರದು. ವಾರಕ್ಕೊಮ್ಮೆ ಚಹಾದ ಜೋಡಿ ಮಿರ್ಚಿ ಭಜಿ ಇರಬೇಕು.

"ಮಿರ್ಚಿ ಯಾಕ ಇದರಾಗ?" ಎಂದು ಶಿವಗಂಗಾ ತಕರಾರು ತೆಗೆದಳು.

"ಕೆಲಸ ಬೇಕೋ ಬ್ಯಾಡೋ?" ಎಂದಳು ಕಸ್ತೂರೆವ್ವ.

ಶಿವಗಂಗಾ ಒಪ್ಪಿ ಸಹಿ ಹಾಕಿದಳು. ನೇಮಿಸಿದವರ ಏಳು ಸಹಿ, ಮೇಲೊಂದು ನರ್ಸರಿಯ ಸೀಲು.

ನಮ್ಮ ಆಫೀಸಿನ ಗುಮಾಸ್ತರು ಪತ್ರವನ್ನು ಎರಡು ಸಲ ಓದಿದರು. "ಮೇಡಂ, ಕೆಲಸದವ್ರೇ ಮಾಲಕರನ್ನ ನೇಮಕ ಮಾಡ್ಯಾರಲ್ರೀ!"

"ಯಾರು ಯಾರನ್ನ ಮಾಡ್ಬೇಕು ಅಂತ ನಿಯಮದಾಗ ಐತೇನ್ರಿ?"

ಹುಡುಕಿದರು. ಇರಲಿಲ್ಲ. ಸಹಿ ಇದೆ, ಸೀಲಿದೆ, ಇನ್ನೇನು ಬೇಕು? ಒಂದು ಅಂಕ ಬಿತ್ತು. ಶರಣಪ್ಪ ಈ ವರ್ಷಕ್ಕೆ ಉಳಿದರು.

ಆ ಸಂಜೆ ಕೊಪ್ಪಳದ ಬಸ್ ನಿಲ್ದಾಣದಲ್ಲಿ ನಾನು ಅವರನ್ನು ಕೇಳಿದೆ: "ನೀವು ಪಾಠ ಹೆಂಗ ಮಾಡ್ತೀರಿ ಅಂತ ಇಷ್ಟು ವರ್ಷದಾಗ ಯಾರಾದ್ರೂ ಕೇಳ್ಯಾರೇನ್ರಿ?"

ಯಲಬುರ್ಗಾ ಬಸ್ಸಿನ ಮೆಟ್ಟಿಲು ಹತ್ತುತ್ತಾ ಶರಣಪ್ಪ ನಕ್ಕರು.

"ಅದಕ್ಕ ಫಾರ್ಮಿನಾಗ ಕಾಲಂ ಇಲ್ರಿ, ಮೇಡಂ."