ಬಸು ಕಾಕಾನ ಐದು ಡಬ್ಬಿಗಳು

ಪ್ಲಾಸ್ಟಿಕ್ ಅಂಟಿಸುವ ಗೋಂದಿನ ವಾಸನೆ ಎಲ್ಲಿಯೇ ಬರಲಿ, ನಾನು ಮೊದಲು ಬಾಗಿಲ ಬುಡ ನೋಡುತ್ತೇನೆ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕುಂದಗೋಳ ತಾಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಆ ವಾಸನೆ ಒಣಮೆಣಸಿನಕಾಯಿಯ ಘಾಟಿನ ಜೊತೆ ಬೆರೆತುಕೊಂಡಿತ್ತು. ಅಪ್ಪನ ತಮ್ಮ ಬಸು ಕಾಕಾ ಊರಿನ ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗೂಡ್ಸ್ ರೈಲಿನ ಡಬ್ಬಿಗಳನ್ನು ಪಕ್ಕದ ಹಳಿಗೆ ತಿರುಗಿಸಿ, ಉರುಳದಂತೆ ನಿಲ್ಲಿಸುವುದು ಅವನ ಕೆಲಸ. ಮುಂಬೈ ಬಂದರಿನಲ್ಲಿದ್ದ ಗೆಳೆಯನೊಬ್ಬ ಹಡಗಿನವರಿಂದ ಕೊಂಡ ಐದು ಪೆಟ್ಟಿಗೆ ತಂದುಕೊಟ್ಟಿದ್ದ; ಒಂದೊಂದರಲ್ಲೂ ಒಂದು ಆಟಿಕೆಯ ಗೂಡ್ಸ್ ಡಬ್ಬಿಯ ಬಿಡಿಭಾಗಗಳು. ಡ್ಯೂಟಿಯಿಂದ ಬಂದು, ಕೈಕಾಲು ತೊಳೆದು ಕಾಕಾ ಚಾಪೆಯ ಮೇಲೆ ಕೂಡುತ್ತಿದ್ದ. ಬ್ಲೇಡಿನಿಂದ ಒಂದೊಂದೇ ಗಾಲಿ ಬಿಡಿಸಿ, ಕಡ್ಡಿಯ ತುದಿಯಿಂದ ಗೋಂದು ಮುಟ್ಟಿಸಿ, ಉಸಿರು ಬಿಗಿಹಿಡಿದು ಜೋಡಿಸುತ್ತಿದ್ದ. ಆಯಿ ಎಂದು ನಾವು ಕರೆಯುತ್ತಿದ್ದ ಅಜ್ಜಿ, "ಪೂಜಿಗೆ ಒಂದಿನ ಹಿಂಗ ಮನಸ್ಸಿಟ್ಟು ಕುಂತಿಲ್ಲ ನೀ," ಎಂದರೆ, "ಇದೂ ಲಿಂಗದಂಗ ಅಂಗೈಯಾಗ ಹಿಡಿಯೂದ ಐತೆಲ್ಲ ಬೇ," ಎಂದು ನಗುತ್ತಿದ್ದ.

ನಾಲ್ಕು ಡಬ್ಬಿ ಮುಗಿದಿದ್ದವು. ಗಾಳಿಯ ದಿನಗಳು, ಪಡಸಾಲೆಯ ಬಾಗಿಲು ಬಡಿದು ಬಡಿದು ಆಯಿಯ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಸ್ಟೇಷನ್ನಿನ ಹಿಂದೆ ಆಡುತ್ತಿದ್ದಾಗ, ನಿಂತ ಡಬ್ಬಿಯೊಂದರ ಗಾಲಿಯ ಕೆಳಗೆ ನನಗೆ ಕಟ್ಟಿಗೆಯ ತುಂಡು ಕಂಡಿತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಮ್ಮ ಬಾಗಿಲಿಗೆಂದೇ ಕೆತ್ತಿದಂತಿತ್ತು. ಕಲ್ಲಿನಿಂದ ಬಡಿದು ಎಳೆದುಕೊಂಡೆ. ಡಬ್ಬಿ ಅಲುಗಲಿಲ್ಲ. ಅಲುಗಿದ್ದರೆ ಅಲ್ಲಿಯೇ ಬಿಡುತ್ತಿದ್ದೆ. "ಶಾಣ್ಯಾಕಿ ನನ್ನ ಮೊಮ್ಮಗಳು," ಎಂದು ಆಯಿ ಅದನ್ನು ಬಾಗಿಲ ಬುಡಕ್ಕೆ ಸಿಕ್ಕಿಸಿದಳು. ಅಂದು ಮಧ್ಯಾಹ್ನ ಮನೆ ಸದ್ದಿಲ್ಲದೆ ಮಲಗಿತು. ಮರುದಿನ ಬೆಳಿಗ್ಗೆ ಹಮಾಲರು ಮೆಣಸಿನಕಾಯಿ ಚೀಲ ಏರಿಸುತ್ತಿದ್ದಂತೆ ಆ ಡಬ್ಬಿ ತಾನಾಗಿ ಇಳಿಜಾರಿನಲ್ಲಿ ಹೊರಟಿತು. ಫಕೀರಪ್ಪನೆಂಬ ಹಮಾಲನ ಬಲಗಾಲು ಹೋಯಿತು.

ಕಾಕಾನನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆಗೆ ಕರೆದರು. ನಡುವೆ ಎಂಟು ದಿನವಿತ್ತು. ಅಷ್ಟರಲ್ಲಿ ಅವನು ಐದನೆಯ ಡಬ್ಬಿ ಜೋಡಿಸಿದ. ಆಮೇಲೆ ಮಣೆಯ ಒಂದು ತುದಿಗೆ ಕಡ್ಡಿಪೆಟ್ಟಿಗೆ ಕೊಟ್ಟು ಎತ್ತರಿಸಿ, ಅದರ ಮೇಲೆ ಡಬ್ಬಿ ಬಿಡುತ್ತಿದ್ದ. ಉರುಳುತ್ತಿತ್ತು. ಗಾಲಿಯ ಕೆಳಗೆ ಕಡ್ಡಿಯ ತುಂಡು ಇಡುತ್ತಿದ್ದ. ನಿಲ್ಲುತ್ತಿತ್ತು. ಮತ್ತೆ ಬಿಡುತ್ತಿದ್ದ. ಏಳನೆಯ ದಿನ ತಲೆ ಎತ್ತದೆಯೇ ನನ್ನನ್ನು ಕೇಳಿದ: "ನೀ ಅಲ್ಲೇ ಆಡ್ತಿದ್ದೆಲ್ಲ ತಂಗಿ. ಗಾಲಿ ಬುಡಕ ಕಟ್ಟಿಗಿ ಇತ್ತೇನು, ನೋಡಿದ್ದೇನು?" ಅವನ ಬೆನ್ನ ಹಿಂದೆ ಬಾಗಿಲು ಅಲ್ಲಾಡದೆ ತೆರೆದು ನಿಂತಿತ್ತು. ಜೋಳ ಕೇರುತ್ತಿದ್ದ ಆಯಿಯ ಮೊರ ನಿಂತಿತು. "ಇಲ್ರಿ ಕಾಕಾ," ಎಂದೆ. ಅವನು ಬಚ್ಚಲಿಗೆ ಎದ್ದು ಹೋದ ಮೇಲೆ ಆಯಿ ಕಟ್ಟಿಗೆಯನ್ನು ಕಿತ್ತು ಒಲೆಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ. ಬಾಗಿಲು ಮತ್ತೆ ಬಡಿಯತೊಡಗಿತು.

ವಿಚಾರಣೆಯಲ್ಲಿ ಕಾಕಾ, "ಕಟ್ಟಿಗಿ ಇಟ್ಟಿರ್ಲಿಕ್ಕಿಲ್ರಿ. ಮರ್ತಿರಬೇಕು," ಎಂದನಂತೆ. ಕೆಲಸ ಹೋಯಿತು. ಆಮೇಲೆ ಅವನು ಮನೆಗೆ ಚಿಲಕ ಹಾಕಿ ಅರ್ಧ ದಾರಿಯಿಂದ ತಿರುಗಿ ಬರುವುದನ್ನು ನಾವು ನೋಡಿದೆವು. ಆರಿಸಿದ ಸ್ಟೋವನ್ನು ಮತ್ತೆ ಮುಟ್ಟಿ ನೋಡುತ್ತಿದ್ದ. ಅದಕ್ಕೂ ಸಮಾಧಾನವಾಗದಿದ್ದರೆ ನನ್ನನ್ನು ಕೇಳುತ್ತಿದ್ದ: "ಚಿಲಕ ಹಾಕೀನೇನು ತಂಗಿ?" ಹಾಕೀರಿ ಎಂದರೆ ನಂಬುತ್ತಿದ್ದ. ನಿಮಗೂ ಹೀಗೊಂದು ಮನೆ ಇದ್ದಿರಬಹುದು, ಹೇಳಬೇಕೆನ್ನುವಷ್ಟರಲ್ಲಿ ಕೇಳುವವರು ಉಳಿಯದ ಮನೆ. ಆಯಿ ಹೋದಳು, ಕಾಕಾನೂ ಹೋದ. ಐದು ಡಬ್ಬಿಗಳು ನನ್ನ ಕಪಾಟಿನಲ್ಲಿವೆ. ವಿಚಾರಣೆಯಿಂದ ಬಂದ ಸಂಜೆ ಅವನು ಅವುಗಳ ಎಲ್ಲ ಗಾಲಿಗಳಿಗೂ ಗೋಂದು ತುಂಬಿದ್ದ. ದೂಡಿದರೆ ಜಾರುತ್ತವೆ; ಉರುಳುವುದಿಲ್ಲ.