ಉಮಾಗೆ ಓದಲು ಬಾರದ ಥ್ಯಾಂಕ್ಸ್

ಕಳೆದ ವಾರದ ಅಂಕಣ ಓದಿ ಫೋನ್ ಮಾಡಿದವರಿಗೆಲ್ಲ ಒಂದು ವಿನಂತಿ. ದಯವಿಟ್ಟು ಇನ್ನು ಹೊಗಳಬೇಡಿ. ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗುತ್ತಿಲ್ಲ.

ಓದದವರಿಗಾಗಿ ಹೇಳಿಬಿಡುತ್ತೇನೆ. ಐವತ್ತು ದಾಟಿದ ಮೇಲೆ, ಮನೆಯಲ್ಲೇ ಕೂತು ಓದಿ, ನಾನು ಬಿ.ಎ. ಮುಗಿಸಿದೆ. (ಸಮಾಜಶಾಸ್ತ್ರ. ಈಗಲೇ ನಗಬೇಡಿ, ಮುಂದೆ ಓದಿ.) ನಮ್ಮದು ಇಲ್ಲಿ ತಮಿಳುನಾಡಿನ ಕ್ರೋಂಪೇಟೆಯಲ್ಲಿ ಒಂದು ಸಣ್ಣ ವೆಜ್ ಹೋಟೆಲು. ಗೌನು ಹಾಕಿದ ನನ್ನ ಫೋಟೋವನ್ನು ಯಜಮಾನರು ಗಲ್ಲಾದ ಮೇಲೆ, ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಾರೆ. ಆ ಖುಷಿಯಲ್ಲಿ ಓರಗಿತ್ತಿ ಉಮಾಗೆ ಅಂಕಣದಲ್ಲೇ ಒಂದು ಥ್ಯಾಂಕ್ಸ್ ಬರೆದೆ.

ಬರೆಯಲೇಬೇಕಿತ್ತು. ನಮ್ಮ ಗಂಡಂದಿರು, ಅಣ್ಣ ತಮ್ಮ ಇಬ್ಬರೂ, ಬೆಳಗಾಗುವ ಮೊದಲೇ ತರಕಾರಿಗೆ ಅಂತ ಕೋಯಂಬೇಡು ಮಾರ್ಕೆಟ್ಟಿಗೆ ಹೊರಟರೆ, ಹೋಟೆಲಿನ ಅಡುಗೆಮನೆ ನಮ್ಮಿಬ್ಬರ ಪಾಲು. ನಾನು ಪುಸ್ತಕ ಹಿಡಿದ ಮೇಲೆ ಅದು ಉಮಾ ಒಬ್ಬಳ ಪಾಲಾಯಿತು. ಚಟ್ನಿ, ಸಾಂಬಾರು, ಅಡುಗೆ ಭಟ್ಟರ ಸಿಡಿಮಿಡಿ, ಎಲ್ಲವನ್ನೂ ಅವಳೇ ನೋಡಿಕೊಂಡಳು. ಪರೀಕ್ಷೆ ಹತ್ತಿರ ಬಂದರಂತೂ ನಾನು ಮಹಾರಾಣಿ. ಕಾಫಿ ಮೇಜಿಗೇ ಬರುತ್ತಿತ್ತು.

ಇದನ್ನೆಲ್ಲ ಬರೆದೆ. ಚೆನ್ನಾಗಿಯೇ ಬರೆದೆ. ಉಡುಪಿಯಿಂದ ಚಿಕ್ಕಮ್ಮ ಫೋನ್ ಮಾಡಿ, "ಓದಿ ಕಣ್ಣಲ್ಲಿ ನೀರು ಬಂತು ಮಾರಾಯ್ತಿ" ಅಂದರು. ಯಾರ್ಯಾರೋ ಓದಿದರು, ಯಾರ್ಯಾರೋ ಅತ್ತರು. ಒಬ್ಬಳು ಮಾತ್ರ ಓದಲಿಲ್ಲ.

ಉಮಾ!

ಹೇಗೆ ಓದುತ್ತಾಳೆ? ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ತಿರುವೊಟ್ಟಿಯೂರಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು, ಇಂಗ್ಲಿಷು. ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು. ಇದು ನನಗೆ ಗೊತ್ತಿಲ್ಲದ್ದೇ? ಇಷ್ಟು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ! ಊರಿಗೆಲ್ಲ ಕೇಳುವ ಹಾಗೆ ಥ್ಯಾಂಕ್ಸ್ ಹೇಳಿದವಳು, ಪಕ್ಕದಲ್ಲಿ ನಿಂತವಳಿಗೆ ಬಾಯಿಬಿಟ್ಟು ಹೇಳಲಿಲ್ಲ. ಬರೆದಾಯಿತಲ್ಲ, ಇನ್ನೇನು ಅಂತ ಇದ್ದುಬಿಟ್ಟೆ.

ಕೊನೆಗೆ ಓದಿ ಹೇಳಿದ್ದು ನಮ್ಮ ಅಡುಗೆ ಭಟ್ಟರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಪೇಪರ್ ಬಿಡಿಸಿಕೊಂಡು, "ಉಮಕ್ಕ, ನಿಮ್ಮ ಹೆಸರು ಬಂದಿದೆ, ಕೇಳಿ!" ಅಂತ ದೊಡ್ಡ ದನಿಯಲ್ಲಿ ಶುರು ಮಾಡಿದರು. ಸಪ್ಲೈಯರ್‌ಗಳೂ ಸುತ್ತ ಸೇರಿದರು. ಹೊಗಳಿಕೆಗೆ ಉಮಾ ಹೇಗೆ ನಾಚುತ್ತಾಳೋ ನೋಡೋಣ ಅಂತ ನಾನು ಬಾಗಿಲ ಹತ್ತಿರ ನಿಂತಿದ್ದೆ.

ಭಟ್ಟರು ಆ ಸಾಲಿಗೆ ಬಂದರು. "ಉಮಾಗೆ ಪುಸ್ತಕ ಕಂಡರೆ ಜ್ವರ ಬರುತ್ತದೆ. ನನ್ನ ಪುಣ್ಯ!"

ಎಲ್ಲರೂ ಗೊಳ್ಳೆಂದು ನಕ್ಕರು. ಉಮಾನೂ ನಕ್ಕಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮಹಡಿ ಹತ್ತಿ ಹೋದಳು. ಹಿಂದೆಯೇ ಓಡಿದೆ.

"ಪುಸ್ತಕ ಕಂಡ್ರೆ ಜ್ವರ ಅಂತ ನಿಮಗೆ ಯಾರು ಹೇಳಿದ್ದು ಅಕ್ಕಾ?"

"ತಮಾಷೆಗೆ ಬರೆದೆ ಮಾರಾಯ್ತಿ..."

"ನೀವು ಬಿ.ಎ.ಗೆ ಸೇರಿದ ದಿನ ನಾನೂ ಸೇರ್ಲಾ ಅಂತ ಕೇಳಿದ್ದೆ. ನೀವು ನಕ್ಬಿಟ್ರಿ. ಸರಿ, ವಿಡುಂಗ ಅಕ್ಕಾ." ಬಿಟ್ಟುಬಿಡಿ ಅಂತ ಅವಳೇ ನನ್ನನ್ನು ಸಮಾಧಾನ ಮಾಡಿದಳು!

ಕೇಳಿದ್ದು ನಿಜ. ನಕ್ಕದ್ದೂ ನಿಜ. ಕಾಫಿ ತಂದಿಟ್ಟ ಮೇಲೂ ಅವಳು ನನ್ನ ಇಂಗ್ಲಿಷ್ ಪುಸ್ತಕದ ಮೇಲೆ ಬಗ್ಗಿ ನಿಂತಿರುತ್ತಿದ್ದಳು. ಲೋಟಕ್ಕೆ ಕಾಯುತ್ತಿದ್ದಾಳೆ ಅಂದುಕೊಂಡು ಗಟಗಟ ಕುಡಿದು ಲೋಟ ಅವಳ ಕೈಗೆ ಕೊಡುತ್ತಿದ್ದೆ. ನನ್ನ ಬಿ.ಎ.ಗೆ ಬೆಂಕಿ ಹಾಕ! ಕುಟುಂಬದಲ್ಲಿ ಹೆಣ್ಣಿನ ದುಡಿಮೆ ಅಂತ ಒಂದು ಪಾಠವೇ ಇತ್ತು. ಅದರಲ್ಲಿ ನನಗೆ ಒಳ್ಳೆಯ ಮಾರ್ಕ್ಸೂ ಬಂತು. (ಈಗ ನಗಬಹುದು.)

ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ನಾವು ಥ್ಯಾಂಕ್ಸ್ ಹೇಳುವುದು ಯಾರಿಗೆ ಕೇಳಲಿ ಅಂತ? ಸ್ಟೇಟಸ್‌ನಲ್ಲಿ ಅಮ್ಮನನ್ನು ಕೊಂಡಾಡುತ್ತೇವೆ, ಅಮ್ಮನ ಹತ್ತಿರ ವಾಟ್ಸಾಪೇ ಇಲ್ಲ. ಸ್ಟೇಜ್ ಮೇಲೆ ಹೆಂಡತಿಯ ತ್ಯಾಗ ನೆನೆಯುತ್ತೇವೆ, ಅವಳು ಮನೆಯಲ್ಲಿ ದೋಸೆಗೆ ರುಬ್ಬುತ್ತಿರುತ್ತಾಳೆ. ಇನ್ನೊಬ್ಬರ ತ್ಯಾಗ ಹೊಗಳುವುದು ಎಷ್ಟು ಸುಲಭ! ಅವರು ಅದನ್ನು ಹಾಗೇ ಮುಂದುವರಿಸಿದರೆ ಇನ್ನೂ ಅನುಕೂಲ.

ಇಲ್ಲಿಯವರೆಗೆ ಬರೆದದ್ದನ್ನು ಉಮಾಳನ್ನು ಎದುರು ಕೂರಿಸಿಕೊಂಡು ನಾನೇ ಓದಿ ಹೇಳಿದೆ. ತಪ್ಪಾಯ್ತು ಅಂದೆ. "ಈ ವರ್ಷ ನೀನು ಸೇರು" ಅಂತಲೂ ಅಂದೆ. ಎಂಥ ದೊಡ್ಡ ಮನಸ್ಸು ನೋಡಿ ನನ್ನದು!

ಅವಳು ಅಂದಳು, "ಸೇರ್ತೀನಿ. ಬೆಳಗ್ಗೆ ಅಡುಗೆಮನೆ ಯಾರು ನೋಡ್ಕೋತಾರೆ ಅಕ್ಕಾ?"

"ನಾನು" ಅನ್ನುವುದಕ್ಕೆ ನನಗೆ ಅಷ್ಟು ಹೊತ್ತು ಯಾಕೆ ಹಿಡಿಯಿತು?